ಕಿತ್ತೂರಿನ ಕಲ್ಲುಗಳೂ ನಮ್ಮ ಮನೆಯ ಅಟ್ಟಗಳೂ

ಕಿತ್ತೂರು ಎಂಬ ಮೂರಕ್ಷರದ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಸಮಾಜದ ಆಬಾಲವೃದ್ಧರ ಕಣ್ಣೆದುರು ನಿಲ್ಲುವುದು ಕುದುರೆಯನ್ನೇರಿ ಖಡ್ಗವನ್ನು ಹಿರಿದ ವೀರಮಾತೆಯ ಚಿತ್ರವೇ. ಧಾರವಾಡದಿಂದ ಬೆಳಗಾವಿಗೆ ಸಾಗುವ ಹೆದ್ದಾರಿಯಲ್ಲಿ ಇಳಿದು ಕೋಟೆಯತ್ತ ನಡೆಯುವ ಯಾತ್ರಿಕರು ಮನಸ್ಸಿನಲ್ಲಿ ಹೊತ್ತೊಯ್ಯುವುದೂ ಅದೇ ಚಿತ್ರವನ್ನು. ಆದುದರಿಂದ ಕೋಟೆಯ ಆವರಣದಲ್ಲಿರುವ ರಾಣಿ ಚೆನ್ನಮ್ಮ ಸ್ಮಾರಕ ವಸ್ತುಸಂಗ್ರಹಾಲಯವನ್ನು ಹೊಕ್ಕವರು ಮೊದಲು ಕೇಳುವ ಪ್ರಶ್ನೆ ಒಂದೇ: “ರಾಣಿಯ ಖಡ್ಗ ಯಾವುದು?” ನಾವು ಅಲ್ಲಿಗೆ ಹೋದಾಗಲೆಲ್ಲ ಈ ಪ್ರಶ್ನೆಯನ್ನು ಕೇಳಿದ್ದೇವೆ, ಚಿಕ್ಕಂದಿನಲ್ಲಿ ನಾವೇ ಕೇಳಿದ್ದೂ ಉಂಟು. ಅಲ್ಲಿ ಖಡ್ಗಗಳಿವೆ, ಉಕ್ಕಿನ ಬಳೆಗಳನ್ನು ಹೆಣೆದು ಮಾಡಿದ ಯೋಧರ ಅಂಗಕವಚಗಳಿವೆ. ಆದರೆ ಬಹುಪಾಲು ಸ್ಥಳವನ್ನು ಆಕ್ರಮಿಸಿರುವವು ಸುತ್ತಣ ಊರುಗಳಿಂದ ತಂದ ಕಲ್ಲಿನ ಮೂರ್ತಿಗಳು, ವೀರಗಲ್ಲುಗಳು, ಶಾಸನ, ಹಾಗೂ ಕೆತ್ತನೆಯ ಮರದ ಬಾಗಿಲು ಚೌಕಟ್ಟುಗಳು ಮತ್ತು ಕಿಟಕಿಗಳು. ಇವನ್ನು ಕಂಡು ಅನೇಕರು ನಿರಾಶರಾಗಿ, ಹತ್ತು ನಿಮಿಷಗಳಲ್ಲಿ ಹೊರಬಂದು ಅರಮನೆಯ ಪಾಳುಗೋಡೆಗಳ ಕಡೆಗೆ ಹೋಗಿಬಿಡುತ್ತಾರೆ.

ಆ ನಿರಾಶೆಗೆ ಕಾರಣ ಚರಿತ್ರೆಯಲ್ಲಿಯೇ ಇದೆ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜನು ಲಿಂಗೈಕ್ಯನಾದ ಬಳಿಕ ದತ್ತುಪುತ್ರನ ಹಕ್ಕನ್ನು ಕಂಪನಿ ಸರಕಾರ ಒಪ್ಪದೆ ಹೋದುದು, ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಕಲೆಕ್ಟರ್ ಥ್ಯಾಕರೆ ಮಡಿದುದು, ಡಿಸೆಂಬರ್ 5ರಂದು ಕೋಟೆ ಶತ್ರುವಶವಾದುದು, ಇವು ನಮ್ಮ ಓದುಗರಿಗೆ ತಿಳಿಯದ ಸಂಗತಿಗಳಲ್ಲ. ಸೋತ ಸಂಸ್ಥಾನದ ಭಂಡಾರ ಅಲ್ಲಿಯೇ ಉಳಿಯುವುದುಂಟೆ? ರಾಣಿಯವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವಿಟ್ಟರು. ಅರಮನೆ ಹಾಳುಬಿದ್ದಿತು. ಕೋಟೆಯ ಒಳಗೆ ವಸ್ತುಸಂಗ್ರಹಾಲಯವೊಂದು ತಲೆಯೆತ್ತಿದ್ದು 1967ರಲ್ಲಿ, ಎಂದರೆ ಯುದ್ಧವಾಗಿ 143 ವರ್ಷಗಳು ಸಂದ ಮೇಲೆ. ಐದು ತಲೆಮಾರುಗಳು ಕಳೆದ ಅನಂತರ ಆಯುವವನ ಕೈಗೆ ಚಿನ್ನ ಸಿಕ್ಕೀತೆ? ಯಾರೂ ಬೇಡವೆಂದು ಬಿಟ್ಟದ್ದು ಸಿಕ್ಕಿತು. ಕಲ್ಲು ಸಿಕ್ಕಿತು, ಕಟ್ಟಿಗೆ ಸಿಕ್ಕಿತು.

ಆದರೆ ಆ ಕಲ್ಲುಗಳ ಎದುರಿನಲ್ಲಿ ತುಸು ಹೊತ್ತು ನಿಂತು ನೋಡಬೇಕು. ಹಂಸಭಾವಿಯಿಂದಲೂ ಸಂಕೇಶ್ವರದಿಂದಲೂ ಬಂದ ವಿಷ್ಣು, ಮುನವಳ್ಳಿಯ ಸೂರ್ಯ, ಬೈಲೂರಿನ ಸುಬ್ರಹ್ಮಣ್ಯ, ಅಂಬಡಗಟ್ಟಿಯ ಜ್ಯೋತಿರ್ಲಿಂಗ, ಕಾದರವಳ್ಳಿಯ ದುರ್ಗೆ. ಊರಿನ ಹೆಸರುಗಳನ್ನು ಓದುತ್ತ ಹೋದರೆ ಮಲಪ್ರಭೆಯ ಬಯಲಿನ ನಕ್ಷೆಯೇ ಬಿಚ್ಚಿಕೊಂಡಂತಾಗುತ್ತದೆ. ಕಾದರವಳ್ಳಿ ಎಂದೊಡನೆ ಶರಣ ಪರಂಪರೆಯಲ್ಲಿ ಬೆಳೆದವರ ಮನಸ್ಸು ಬೇರೊಂದೆಡೆಗೆ ಹರಿಯುವುದು ಸಹಜ. ಕಲ್ಯಾಣದ ಕ್ರಾಂತಿಯ ಬಳಿಕ ಚೆನ್ನಬಸವಣ್ಣನವರೊಡನೆ ಉಳವಿಯತ್ತ ನಡೆದ ಶರಣರು ಬೆನ್ನಟ್ಟಿ ಬಂದ ಸೈನ್ಯದೊಡನೆ ಕಾದಿದ್ದು ಇಲ್ಲಿಯೇ ಎಂದೂ, ಗಂಗಾಂಬಿಕೆ ತಾಯಿಯವರು ಮುಗುಟಖಾನ ಹುಬ್ಬಳ್ಳಿಯ ಹೊಳೆಯ ಮಡಿಲಲ್ಲಿ ಐಕ್ಯರಾದರೆಂದೂ ಪರಂಪರೆ ಹೇಳುತ್ತದೆ. ದುರ್ಗೆಯ ಆ ಮೂರ್ತಿಗೂ ಆ ಕಾದಾಟಕ್ಕೂ ಸಂಬಂಧವಿದೆಯೆಂದು ನಾವು ಹೇಳಲಾರೆವು. ಶರಣರು ನಡೆದ ದಾರಿಯ ಊರುಗಳು ಎಂಥವಾಗಿದ್ದವು, ಅಲ್ಲಿಯ ಜನ ಯಾರಿಗೆ ಕೈಮುಗಿಯುತ್ತಿದ್ದರು ಎಂಬುದನ್ನು ಮಾತ್ರ ಇಂತಹ ಕಲ್ಲುಗಳೇ ಹೇಳಬೇಕು.

ಎತ್ತಿನಕೇರಿಯಿಂದ ತಂದ ವೀರಗಲ್ಲುಗಳೂ ಇಲ್ಲಿವೆ. ವೀರಗಲ್ಲನ್ನು ಓದುವ ಕ್ರಮ ಕೆಳಗಿನಿಂದ ಮೇಲಕ್ಕೆ. ವಾಡಿಕೆಯಂತೆ ಕೆಳಗಿನ ಪಟ್ಟಿಯಲ್ಲಿ ಕದನ, ನಡುವೆ ವೀರನನ್ನು ಕೈಹಿಡಿದು ಒಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗದ ಮುಂದೆ ಕುಳಿತ ಅದೇ ವೀರ. ತುರು ಹಿಂದಿರುಗಿಸಲು, ಊರನ್ನು ಉಳಿಸಲು ಸತ್ತವರಿಗೆ ನೆಟ್ಟ ಕಲ್ಲುಗಳಿವು. ಅರಸುಮಕ್ಕಳಿಗಿಂತ ಸಾಮಾನ್ಯರಿಗೆ ನೆಟ್ಟವೇ ಹೆಚ್ಚು. ಅಮಟೂರು ಬಾಳಪ್ಪನಂತಹ, ಸಂಗೊಳ್ಳಿ ರಾಯಣ್ಣನಂತಹ ಬಂಟರು ಈ ಮಣ್ಣಿನಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲವೆಂದು ಇವುಗಳನ್ನು ಕಂಡಾಗ ಅನಿಸುತ್ತದೆ.

ಇಲ್ಲಿಯ ಸಂಗ್ರಹದಲ್ಲಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸುವುದು ಗೋವೆಯ ಕದಂಬರ ಕಾಲದ ಶಾಸನದ ಕಲ್ಲು. ಅದರ ಕಾಲ ಕ್ರಿ.ಶ. 1188, ಕಲ್ಯಾಣದ ಶರಣರು ಚದುರಿ ಕೇವಲ ಎರಡು ದಶಕಗಳಾಗಿದ್ದ ಕಾಲ. ಈ ನಾಡು ಆಗ ಮೂರನೆಯ ಜಯಕೇಶಿಯ ಆಳಿಕೆಗೆ ಒಳಪಟ್ಟಿತ್ತು. ಕಿತ್ತೂರಿನ ಎರಡು ದೇವಾಲಯಗಳ ಆಚಾರ್ಯರಾದ ಶಿವಶಕ್ತಿ ಮತ್ತು ಕಲ್ಯಾಣಶಕ್ತಿ ಎಂಬುವರ ನಡುವೆ ಭೂಮಿಯ ಒಡೆತನದ ಬಗೆಗೆ ವ್ಯಾಜ್ಯ ಹುಟ್ಟಿತು. ಹೆಸರಿನ ಕೊನೆಯಲ್ಲಿ ‘ಶಕ್ತಿ’ ಎಂದಿರುವುದು ಕಾಳಾಮುಖ ಶೈವರ ಶಕ್ತಿಪರಿಷೆಯನ್ನು ನೆನಪಿಗೆ ತರುತ್ತದೆ. ಪಂಚರು ಸೇರಿದರು. ವಾದ ಪ್ರತಿವಾದಗಳಿಂದ ಬಗೆಹರಿಯದಾಗ ಇಬ್ಬರೂ ಫಾಲದಿವ್ಯಕ್ಕೆ ಒಪ್ಪಿದರು. ಫಾಲವೆಂದರೆ ನೇಗಿಲ ಕುಳ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಕುಳವನ್ನು ಕೈಯಲ್ಲಿ ಹಿಡಿಯುವುದು, ಮತ್ತೆ ಆ ಕೈಯನ್ನು ಪರೀಕ್ಷಿಸಿ ಸತ್ಯಾಸತ್ಯವನ್ನು ನಿರ್ಣಯಿಸುವುದು! ಇಂದು ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಹೊಲದ ಜಗಳಕ್ಕೆ ಹೊಲ ಉಳುವ ಕಬ್ಬಿಣವನ್ನೇ ಸಾಕ್ಷಿಗೆ ಕರೆದ ಆ ಜನರ ಮನೋಧರ್ಮವನ್ನು ಯಾವ ರಾಜವಂಶಾವಳಿಯೂ ನಮಗೆ ಹೇಳಿಕೊಡಲಾರದು. ಗಡಿಯ ಬದುವಿಗಾಗಿ ಇಂದಿಗೂ ಬೈಲಹೊಂಗಲ, ಧಾರವಾಡಗಳ ಕೋರ್ಟುಗಳ ಮೆಟ್ಟಿಲು ಸವೆಸುತ್ತಿರುವ ನಮ್ಮ ರೈತಬಂಧುಗಳು ಈ ಕಲ್ಲಿನ ಮುಂದೆ ನಿಂತರೆ, ನಗುವರೋ ನಿಟ್ಟುಸಿರು ಬಿಡುವರೋ ಹೇಳಲು ಬಾರದು.

ಈ ಶಾಸನವನ್ನು ವಿದ್ವತ್ಪ್ರಪಂಚಕ್ಕೆ ಓದಿ ತಿಳಿಸಿದವರು ಜೆ. ಎಫ್. ಫ್ಲೀಟರು. ಆದರೆ ಈ ಸೀಮೆಯ ಶಾಸನಗಳನ್ನು ಅವರಿಗಿಂತ ಮೊದಲು ಕಲೆಹಾಕಿದವರೊಬ್ಬರಿದ್ದಾರೆ. ಅವರ ಕಥೆ ಕಿತ್ತೂರಿನ ಕೋಟೆಯೊಳಗಿನಿಂದಲೇ ಆರಂಭವಾಗುತ್ತದೆ. ಥ್ಯಾಕರೆ ಮಡಿದ ದಿನ ಅವನ ಇಬ್ಬರು ಸಹಾಯಕರು ಕಿತ್ತೂರಿನವರ ಸೆರೆಯಾಳುಗಳಾದರು. ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ಎಲಿಯಟ್‌ನಿಗೆ ಆಗ ಕೇವಲ 21 ವರ್ಷ. ರಾಣಿಯವರು ಈ ಸೆರೆಯಾಳುಗಳನ್ನು ಸೌಜನ್ಯದಿಂದ ನಡೆಸಿಕೊಂಡರೆಂಬುದು ಚರಿತ್ರೆಯಲ್ಲಿ ದಾಖಲಾದ ಮಾತು. ಡಿಸೆಂಬರ್ 2ರಂದು ಅವರನ್ನು ಬಿಡುಗಡೆ ಮಾಡಲಾಯಿತು. ಮರುದಿನವೇ ಕಂಪನಿಯ ಫಿರಂಗಿಗಳು ಕೋಟೆಯ ಮೇಲೆ ಮೊರೆದವೆಂಬುದು ಬೇರೆಯ ಮಾತು. ಹೀಗೆ ಬದುಕಿ ಬಂದ ಎಲಿಯಟ್ ಮುಂದೆ ವರ್ಷಗಳ ಕಾಲ ಧಾರವಾಡದ ಸೀಮೆಯಲ್ಲಿಯೇ ಅಧಿಕಾರಿಯಾಗಿದ್ದು, ಊರೂರಿನ ಶಾಸನಗಳ ಪ್ರತಿ ಮಾಡಿಸಿದನು. ಹಾಗೆ ಕೂಡಿಸಿದ ಕರ್ನಾಟಕದ ಶಾಸನಗಳು 595. ಚಾಲುಕ್ಯರ, ಕದಂಬರ, ಕಲಚುರ್ಯರ ಚರಿತ್ರೆಗೆ ಅಡಿಗಲ್ಲಾದ ಸಂಗ್ರಹವದು. ಅಂದು ಕಿತ್ತೂರಿನ ಸೆರೆಯಲ್ಲಿ ಆ ತರುಣನ ತಲೆ ಉರುಳಿದ್ದರೆ? ಶತ್ರುವಿನ ಮನೆಯ ಹುಡುಗನಿಗೆ ಅನ್ನವಿಟ್ಟು ಕಾಪಾಡಿದ ರಾಣಿಯವರ ಔದಾರ್ಯ ಕನ್ನಡದ ಶಾಸನಗಳನ್ನೂ ಕಾಪಾಡಿತೆಂದು ನಾವು ನಮ್ಮ ವಿದ್ಯಾರ್ಥಿಗಳಿಗೆ ಹೇಳುವುದುಂಟು. ಇದು ತುಸು ಉತ್ಪ್ರೇಕ್ಷೆಯೆಂದು ಪಂಡಿತರು ಆಕ್ಷೇಪಿಸಬಹುದು, ಆಕ್ಷೇಪಿಸಲಿ.

ಇನ್ನು ಬಾಗಿಲುಗಳ ಮಾತು. ಈ ಲೇಖನವನ್ನು ಬರೆಯಬೇಕೆಂಬ ಪ್ರೇರಣೆ ಹುಟ್ಟಿದ್ದೇ ಅವುಗಳ ಮುಂದೆ.

ಕಳೆದ ಬಾರಿ ಅಲ್ಲಿಗೆ ಹೋದಾಗ ಕೆತ್ತನೆಯ ಚೌಕಟ್ಟೊಂದರ ಎದುರಿನಲ್ಲಿ ಹಳ್ಳಿಯ ದಂಪತಿಗಳಿಬ್ಬರು ನಿಂತಿದ್ದರು. ಮೂರ್ತಿಗಳಿಗೆ ಕೈಮುಗಿದು ಸರಸರನೆ ಬಂದಿದ್ದ ಆ ತಾಯಿ ಬಾಗಿಲಿನ ಮುಂದೆ ಮಾತ್ರ ಕದಲದೆ ನಿಂತಿದ್ದಳು. ಕೊರಳಲ್ಲಿಯ ರುದ್ರಾಕ್ಷಿಯನ್ನು ಕಂಡು ನಮ್ಮ ಕಡೆಗೆ ತಿರುಗಿ, “ಸ್ವಾಮಾರ, ನಮ್ಮ ಅತ್ತಿ ಮನ್ಯಾಗ ಇಂಥಾದ್ದ ಬಾಗಲಾ ಇತ್ರಿ” ಎಂದಳು.

“ಈಗ ಎಲ್ಲಿದೆ ತಾಯಿ?” ಎಂದೆವು.

“ಹೊಸಾ ಮನಿ ಕಟ್ಟಸಿದಾಗ ಗುಜರಿಯಾಂವಗ ಕೊಟ್ವಿರಿ. ಕಬ್ಬಿಣದ ಗೇಟಿಗಿ ರೊಕ್ಕಾ ಕಡಿಮಿ ಬಿದ್ದಿತ್ರಿ.”

ಯಜಮಾನರು ನಡುವೆ ಬಾಯಿಹಾಕಿ, “ಹುಳಾ ಹಿಡದಿತ್ರಿ ಅದು” ಎಂದರು.

“ಹುಳಾ ಎಲ್ಲಿ ಹಿಡದಿತ್ತು? ಸಾಗವಾನಿ ಅದು. ಇಲ್ಲೆ ನೋಡ್ರಿ, ಇದ್ಯಾವ ಹುಳಾ ಹಿಡದೈತಿ?” ಎಂದು ಆಕೆ ಗಾಜಿನಂತೆ ನುಣುಪಾದ ಹಳೆಯ ಕಟ್ಟಿಗೆಯನ್ನು ಕಣ್ಣಿನಿಂದಲೇ ಸವರಿದಳು. ಯಜಮಾನರು ಮತ್ತೆ ಮಾತನಾಡಲಿಲ್ಲ.

ಆ ತಾಯಿಯನ್ನು ನಾವು ದೂರುವ ಹಾಗಿಲ್ಲ. ಮಣ್ಣಿನ ಗೋಡೆಯ ಮನೆಯಲ್ಲಿ ಮಳೆಗಾಲ ಕಳೆಯುವ ಕಷ್ಟ ಆಕೆಗೆ ಗೊತ್ತು, ಬರೆಯುವ ನಮಗೆ ಗೊತ್ತಿಲ್ಲ. ಆದರೆ ನಮ್ಮ ಸೀಮೆಯ ಬಡಿಗರು ತಲೆತಲಾಂತರದಿಂದ ಬಲ್ಲ ಕೆಲಸವದು. ಹೊಸ್ತಿಲ ಮೇಲೆ ಎರಡು ಕಂಬ, ಮೇಲೆ ಲಲಾಟಪಟ್ಟಿ, ಅದರ ತುಂಬ ಬಳ್ಳಿಯ ಸುರುಳಿ, ಹೂವಿನ ಎಸಳು. ಆ ಬಾಗಿಲನ್ನು ದಾಟಿ ಸೊಸೆ ಒಳಬಂದಿದ್ದಾಳೆ, ಜಂಗಮರು ಪಾದವಿಟ್ಟಿದ್ದಾರೆ, ಹಿರಿಯರ ಶವ ವಿಮಾನವೇರಿ ಹೊರಗೆ ಹೋಗಿದೆ. ರಾಣಿಯ ಖಡ್ಗವನ್ನು ಹುಡುಕಿ ಬಂದವರು ನೋಡದೆ ಹೋಗುವ ಈ ಬಾಗಿಲುಗಳೇ, ಆ ರಾಣಿ ಯಾರ ಸಲುವಾಗಿ ಖಡ್ಗ ಹಿಡಿದರೋ ಆ ಪ್ರಜೆಗಳ ಮನೆಮಾತಿನ ಸಾಕ್ಷಿಗಳು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಸ್ಥಾವರವನ್ನು ಅಲ್ಲಗಳೆದು ಜಂಗಮವನ್ನು ಎತ್ತಿಹಿಡಿದ ಧರ್ಮ ನಮ್ಮದು. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದವನಿಗೆ ಕಲ್ಲು ಕಟ್ಟಿಗೆಗಳ ಮೋಹವೇಕೆ? ಹೀಗೆ ನಮ್ಮನ್ನು ಒಬ್ಬ ತರುಣ ಪ್ರವಚನಕಾರರು ಸಭೆಯಲ್ಲಿಯೇ ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಕಲ್ಲನ್ನು ಪೂಜಿಸಿರೆಂದು ನಾವು ಹೇಳುತ್ತಿಲ್ಲ. ಆದರೆ ಆ ಜಂಗಮವಾಣಿ ನಮ್ಮ ಕೈಗೆ ಬಂದ ಬಗೆ ಯಾವುದು? ತಾಡೋಲೆಯ ಮೇಲೆ ಕಂಠದಿಂದ ಕೊರೆದು, ಮಸಿ ತುಂಬಿ, ಎರಡು ಹಲಗೆಗಳ ನಡುವೆ ದಾರದಿಂದ ಕಟ್ಟಿ, ಯಾರದೋ ಮನೆಯ ಅಟ್ಟದ ಮೇಲೆ, ಯಾವುದೋ ಮಠದ ಮಾಡದೊಳಗೆ ಇಟ್ಟಿದ್ದರಿಂದ ಬಂದಿತು. 1903ರಲ್ಲಿ ಫ. ಗು. ಹಳಕಟ್ಟಿಯವರು ರಬಕವಿಯ ಗೃಹಸ್ಥರೊಬ್ಬರ ಮನೆಯಲ್ಲಿ ತಾಡೋಲೆಯ ಕಟ್ಟುಗಳನ್ನು ಕಂಡರು. ಅಲ್ಲಿಂದ ಅವರ ಬಾಳಿನ ದಾರಿಯೇ ತಿರುಗಿತು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ, 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಇದಕ್ಕಾಗಿ ಅವರು ತಮ್ಮ ಸ್ವಂತ ಮನೆಯನ್ನು ಮಾರಿದರು. ರಬಕವಿಯ ಆ ಮನೆಯವರು ಕಟ್ಟುಗಳನ್ನು ಅದಕ್ಕೆ ಮೊದಲೇ ಕಸವೆಂದು ಹೊರಗೆ ಹಾಕಿದ್ದರೆ, ಇಂದು ನಾವು ಬೆಳಗು ಬೈಗು ಬಾಯಿಪಾಠ ಹೇಳುವ ವಚನಗಳಲ್ಲಿ ಎಷ್ಟು ಉಳಿಯುತ್ತಿದ್ದವು?

ಹೊರಗೆ ಹಾಕಿದವರು ಇದ್ದಾರೆ. ಅವರಲ್ಲಿ ನಾವೂ ಒಬ್ಬರು. ಐದು ದಶಕಗಳಿಗೂ ಹಿಂದೆ ನಾವು ಒಂದು ಮಠದಲ್ಲಿ ಸಂಸ್ಕೃತಪಾಠಕ್ಕೆಂದು ಇದ್ದೆವು. ಶ್ರಾವಣಕ್ಕೆ ಮುಂಚೆ ಸುಣ್ಣ ಬಳಿಯುವ ಸಂದರ್ಭ. ಅಟ್ಟದ ಮೇಲೆ ಗೆದ್ದಲು ಹತ್ತಿದ ಓಲೆಗರಿಯ ಕಟ್ಟುಗಳಿದ್ದವು. ಶಾಸ್ತ್ರಗ್ರಂಥವನ್ನು ಸುಡಬಾರದು, ತುಳಿಯಬಾರದು, ಹರಿಯುವ ನೀರಿಗೆ ಬಿಡಬೇಕು ಎಂದು ಹಿರಿಯರು ಅಪ್ಪಣೆ ಮಾಡಿದರು. ನಾವು ಆರು ಮಂದಿ ಹುಡುಗರು ಬುಟ್ಟಿಗಳಲ್ಲಿ ಹೊತ್ತು, ಮಡಿಯಿಂದ, ಪಂಚಾಕ್ಷರಿಯನ್ನು ಜಪಿಸುತ್ತ ಹೊಳೆಗೆ ಹೋದೆವು. ಹೊಳೆ ತುಂಬಿ ಬಂದಿತ್ತು. ಒಂದೊಂದೇ ಕಟ್ಟನ್ನು ಬಿಟ್ಟಾಗ ಅದು ಮುಳುಗದೆ ತೇಲುತ್ತ ಹೋಗುವುದನ್ನು ಕಂಡು ನಾವು ಚಪ್ಪಾಳೆ ತಟ್ಟಿದ್ದು ನೆನಪಿದೆ. ಕಟ್ಟೊಂದರ ಹಲಗೆಯನ್ನು ಮಾತ್ರ ಕಾಗದಕ್ಕೆ ಗೆರೆ ಎಳೆಯಲು ಅನುಕೂಲವೆಂದು ನಾವು ಉಳಿಸಿಕೊಂಡೆವು. ಕಾಲಾಂತರದಲ್ಲಿ ಲಿಪಿಶಾಸ್ತ್ರವನ್ನು ಅಭ್ಯಸಿಸಿದ ಮೇಲೆ ಒಂದು ದಿನ ಅದೇ ಹಲಗೆಯ ಒಳಮೈಯನ್ನು ಒರಸಿ ನೋಡಿದರೆ, ಓಲೆ ಬರೆದವನ ಊರಿನ ಹೆಸರೂ ಬರೆಯಿಸಿದ ಗುರುವಿನ ಹೆಸರೂ ಇದ್ದವು. ಗ್ರಂಥದ ಹೆಸರು ಇರಲಿಲ್ಲ. ಅದು ಓಲೆಯ ಮೇಲೆ ಇದ್ದಿರಬೇಕು. ಹಿರಿಯರಿಗೆ ದೋಷ ಹೊರಿಸುವುದಿಲ್ಲ. ಅವರು ಭಕ್ತಿಯಿಂದಲೇ ಮಾಡಿಸಿದರು, ನಾವು ಭಕ್ತಿಯಿಂದಲೇ ಮಾಡಿದೆವು. ಆ ಹಲಗೆ ಇಂದಿಗೂ ನಮ್ಮ ಮೇಜಿನ ಮೇಲಿದೆ.

ಮನೆಗಳಲ್ಲಿಯೂ ಇದು ನಡೆಯುತ್ತಲೇ ಇದೆ. ಅಜ್ಜನ ಬೆಳ್ಳಿಯ ಕರಡಿಗೆಯನ್ನು ಪತ್ತಾರನಿಗೆ ಕೊಟ್ಟು ಕರಗಿಸಿ ಹೊಸ ನಮೂನೆಯದನ್ನು ಮಾಡಿಸುವುದು ಈಗ ಸಾಮಾನ್ಯ. ಗುಂಡಗಡಿಗೆ, ಚೌಕ ಎಂದು ಹಿಂದೆ ಒಂದೊಂದು ಸೀಮೆಗೆ ಒಂದೊಂದು ಬಗೆಯಿದ್ದವು. ಕೆಲಸವನ್ನು ನೋಡಿಯೇ ಇದು ಯಾವ ಕಡೆಯ ಮನೆತನದ್ದೆಂದು ಹೇಳಬಲ್ಲ ಮುದುಕರನ್ನು ನಾವು ಕಂಡಿದ್ದೇವೆ. ಕರಗಿಸಿದ ಬೆಳ್ಳಿಗೆ ತೂಕವಷ್ಟೇ ಉಳಿಯುತ್ತದೆ, ವಂಶ ಉಳಿಯುವುದಿಲ್ಲ. ಮೋಡಿ ಅಕ್ಷರದ ವಹಿಗಳ ಗತಿಯೂ ಅಷ್ಟೇ. ಓದಲು ಬರುವುದಿಲ್ಲವೆಂಬ ಕಾರಣಕ್ಕೆ ಅವು ಒಲೆಯ ಬಾಯಿಗೆ ಹೋಗುತ್ತವೆ. ನಮಗೆ ಓದಲು ಬಾರದಿರುವುದು ಕಾಗದದ ತಪ್ಪಲ್ಲವಷ್ಟೆ.

ಹಾಗಾದರೆ ಎಲ್ಲವನ್ನೂ ಸಂಗ್ರಹಾಲಯಕ್ಕೆ ಕೊಟ್ಟುಬಿಡಬೇಕೆ? ಹಾಗೇನೂ ಇಲ್ಲ. ನಿತ್ಯಪೂಜೆಯಲ್ಲಿರುವ ವಸ್ತು ಪೂಜೆಯಲ್ಲಿಯೇ ಇರಲಿ. ಅನೇಕ ಮನೆಗಳಲ್ಲಿ, ಹಳೆಯದಿದೆ ಎಂದು ಹೇಳಿದರೆ ಸರಕಾರದವರು ಎತ್ತಿಕೊಂಡು ಹೋಗುತ್ತಾರೆಂಬ ಭಯವಿದೆ. ಅದರಿಂದಲೇ ಜನ ಬಾಯಿ ಬಿಡುವುದಿಲ್ಲ, ಕೊನೆಗೆ ಗುಟ್ಟಾಗಿ ವ್ಯಾಪಾರಿಗೆ ಮಾರುತ್ತಾರೆ. ಪ್ರಾಚೀನ ವಸ್ತುಗಳ ಬಗೆಗೆ 1972ರಲ್ಲಿ ಆದ ಕಾನೂನು ಮನೆತನದ ವಸ್ತುವನ್ನು ಇಟ್ಟುಕೊಳ್ಳುವುದನ್ನು ಅಪರಾಧವೆನ್ನುವುದಿಲ್ಲ. ಶಿಲ್ಪ, ವರ್ಣಚಿತ್ರ, ಚಿತ್ರಗಳುಳ್ಳ ಹಸ್ತಪ್ರತಿ ಮುಂತಾದ ಕೆಲವು ಬಗೆಯವನ್ನು ನೋಂದಾಯಿಸಬೇಕೆನ್ನುತ್ತದೆ, ಪರದೇಶಕ್ಕೆ ಸಾಗಿಸಬಾರದೆನ್ನುತ್ತದೆ. ಭೂಮಿಯನ್ನು ಅಗೆಯುವಾಗ ಸಿಕ್ಕ ನಿಧಿಯ ಮಾತು ಬೇರೆ, ಅದಕ್ಕೆ 1878ರ ಕಾನೂನೇ ಇದೆ. ಹಸ್ತಪ್ರತಿಗಳನ್ನು ಕಾಪಾಡಿ ಓದಿಸಲು ಧಾರವಾಡದಲ್ಲಿ 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆ ಇದೆ. ಕಿತ್ತೂರಿನಿಂದ ಅದು ಒಂದು ಗಂಟೆಯ ಹಾದಿ. ಕೊಡಲು ಮನಸ್ಸಾಗದಿದ್ದರೆ ಬೇಡ, ತೋರಿಸಿದರೂ ಸಾಕು. ಅದೂ ಆಗದಿದ್ದರೆ ಮನೆಯ ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿಸಿ, ಇದು ಯಾರ ಕಾಲದ್ದು, ಯಾವ ಊರಿನದು, ಯಾರು ತಂದರು ಎಂಬ ಮೂರು ಮಾತುಗಳನ್ನು ಅಜ್ಜಿಯನ್ನು ಕೇಳಿ ಬರೆದಿಡಿರಿ. ಊರು ತಪ್ಪಿದ ಮೂರ್ತಿ ಸಂಗ್ರಹಾಲಯದಲ್ಲಿ ಅನಾಥ. ಮುನವಳ್ಳಿಯ ಸೂರ್ಯನಿಗೆ ಬೆಲೆ ಬಂದಿರುವುದು ಸೂರ್ಯನೆಂಬುದರಿಂದ ಎಷ್ಟೋ, ಮುನವಳ್ಳಿಯವನೆಂಬುದರಿಂದಲೂ ಅಷ್ಟೇ.

ಪ್ರತಿ ವರ್ಷ ಅಕ್ಟೋಬರಿನಲ್ಲಿ ಕಿತ್ತೂರಿನಲ್ಲಿ ಉತ್ಸವ ನಡೆಯುತ್ತದೆ. 2024ರಲ್ಲಿ ವಿಜಯಕ್ಕೆ ಎರಡು ನೂರು ವರ್ಷಗಳು ತುಂಬಿದವು. 2021ರಲ್ಲಿ ಈ ಭಾಗಕ್ಕೆಲ್ಲ ಕಿತ್ತೂರು ಕರ್ನಾಟಕವೆಂಬ ಹೆಸರೇ ಬಂದಿದೆ. ಹೆಸರು ದೊಡ್ಡದಾಯಿತು, ಸಂತೋಷ. ಉತ್ಸವಕ್ಕೆ ಹೋಗುವ ಓದುಗ ಬಂಧುಗಳು ಜನಜಂಗುಳಿ ಕರಗಿದ ಮೇಲೆ ಇನ್ನೊಂದು ದಿನ ಸಾವಕಾಶವಾಗಿ ಹೋಗಿ, ಮಕ್ಕಳನ್ನು ಫಾಲದಿವ್ಯದ ಕಲ್ಲಿನ ಮುಂದೆ ನಿಲ್ಲಿಸಿ ಆ ಕಥೆಯನ್ನು ಹೇಳಬೇಕೆಂಬುದು ನಮ್ಮ ಬಿನ್ನಹ.

ಬಾಗಿಲಿನ ತಾಯಿಯ ಮಾತು ಅರ್ಧಕ್ಕೆ ನಿಂತಿತ್ತು. ಅಂದು ಅಗಲುವಾಗ ನಮ್ಮ ವಿಳಾಸವನ್ನು ಅವರ ಯಜಮಾನರಿಗೆ ಬರೆದುಕೊಟ್ಟಿದ್ದೆವು. ಎರಡು ತಿಂಗಳ ಬಳಿಕ ಫೋನು ಬಂದಿತು. ಗುಜರಿಯವನು ಕದಗಳನ್ನೂ ಕಂಬಗಳನ್ನೂ ಒಯ್ದಿದ್ದನಂತೆ. ಲಲಾಟಪಟ್ಟಿ ಗಾಡಿಯಲ್ಲಿ ಹಿಡಿಯದೆ ಉಳಿದಿತ್ತಂತೆ. ನಾವು ಹೋಗಿ ನೋಡಿದೆವು. ದನದ ಕೊಟ್ಟಿಗೆಯಲ್ಲಿ ಗೋದಲಿಯ ಅಂಚಿಗೆ ಅದನ್ನು ಅಡ್ಡಲಾಗಿ ಹಾಕಿದ್ದರು, ಕೆತ್ತನೆಯ ಮೈ ಒಳಮುಖವಾಗಿತ್ತು. ಎತ್ತುಗಳ ಕೊರಳು ಉಜ್ಜಿ ಉಜ್ಜಿ ಒಂದು ತುದಿ ಸವೆದಿತ್ತು. ಯಜಮಾನರೇ ಹಾರೆಯಿಂದ ಮೀಟಿ ಎಬ್ಬಿಸಿದರು. ಆ ತಾಯಿ ಕೊಡದ ನೀರು ಸುರಿದು ತೆಂಗಿನ ನಾರಿನಿಂದ ತಿಕ್ಕಿದಾಗ ಸಗಣಿಯ ಕೆಳಗಿನಿಂದ ಬಳ್ಳಿಯೂ ಹೂವೂ ಒಂದೊಂದಾಗಿ ತೋರಿಬಂದವು. ಕೊಡುವುದೋ ಇಟ್ಟುಕೊಳ್ಳುವುದೋ ಇನ್ನೂ ತೀರ್ಮಾನವಾಗಿಲ್ಲ. ಮಗ ಪುಣೆಯಿಂದ ಬರಲಿ ಎಂದರು. ಸದ್ಯಕ್ಕೆ ಅದನ್ನು ಪಡಸಾಲೆಯ ಗೋಡೆಗೆ ಒರಗಿಸಿ ಇಟ್ಟಿದ್ದಾರೆ.